ಕೊನೆಯ ಹಾಳೆ ಇಲ್ಲದ ಕತೆಪುಸ್ತಕ

ಪಿರಿಯಾಪಟ್ಟಣ
ಸೆಪ್ಟೆಂಬರ್ ೧೯೯೮

ಕೆಂಪಯ್ಯ ಮೇಷ್ಟ್ರಿಗೆ ಚಲುವರಾಜು ಮಾಡುವ ನಮಸ್ಕಾರಗಳು.

“ನಿಮ್ಮಣ್ಣ ಮತ್ತೆ ಸ್ಕೂಲಿಗೆ ಬಂದ್ರೆ ಉಳಿದ ಹರಿದ ಪುಸ್ತಕಾನೂ ಕೊಡ್ತೀನಿ, ಇಲ್ದಿದ್ರೆ ಗುಜರಿಗೆ” ಎಂದು ತಂಗಿ ಕಾವ್ಯಶ್ರೀಯ ಹತ್ತಿರ ಹೇಳಿಕಳಿಸಿದ್ದಿರಿ. ಪುಸ್ತಕದ ಆಸೆಗೆ ಸುಳ್ಳು ಹೇಳಲಾರೆ. ನಾನು ಬರುವುದಿಲ್ಲ. ಬೆಂಚಿನ ಮೇಲೆ ಕುಳಿತರೆ ನನ್ನ ಕಾಲು ನಿಲ್ಲುವುದಿಲ್ಲ.

ಹಗಲೆಲ್ಲ ಹೊಗೆಸೊಪ್ಪು ಪೋಣಿಸಿ, ಅದನ್ನು ಬೇಯಿಸುವ ಬ್ಯಾರನ್ನಿಗೆ ಏರಿಸಿ ಮೈ ಸೋತಿರುತ್ತದೆ. ಆದರೂ ನೀವು ಕೊಟ್ಟ ಕತೆಪುಸ್ತಕವನ್ನು ಹೊಲಿಯಲು ಕುಳಿತರೆ ಏಳಲು ಮನಸ್ಸಾಗುವುದಿಲ್ಲ.

ಮೊದಲು ಸೊಪ್ಪಿಗೆ ಹಾಕುವ ಗಂಟನ್ನೇ ಪುಸ್ತಕಕ್ಕೂ ಹಾಕಿದ್ದೆ. ಅದು ಬೆಂದ ಸೊಪ್ಪನ್ನು ಇಳಿಸಿದ ಮೇಲೆ ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಗಂಟು. ಕಾವ್ಯಶ್ರೀ ಎಳೆದಳು, ಹಾಳೆಗಳೆಲ್ಲ ಉದುರಿದವು. “ಸೊಪ್ಪು ಬೆಂದೈತೆ ಕಣಣ್ಣ, ಇಳಿಸ್ಕೋ!” ಎಂದು ನಕ್ಕಳು.

ಹಾಳೆಗಳನ್ನು ಮತ್ತೆ ಜೋಡಿಸಲು ಕತೆಯನ್ನು ಓದಲೇಬೇಕಾಯಿತು. ಆಮೇಲೆ ದಬ್ಬಳದಿಂದ ತೂತು ಮಾಡಿ ಗಟ್ಟಿಯಾಗಿ ಹೊಲಿದೆ. ಕೊನೆಯ ಹಾಳೆ ಇರಲೇ ಇಲ್ಲ. ಹಾಗೇ ಬಿಡಲು ಮನಸ್ಸು ಬರದೆ, ಒಂದು ಖಾಲಿ ಹಾಳೆ ಸೇರಿಸಿ ಮುಂದಿನದನ್ನು ನಾನೇ ಬರೆದಿದ್ದೇನೆ.

ಪುಸ್ತಕವನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಉಳಿದವನ್ನು ಕೊಡುವುದು ಬಿಡುವುದು ನಿಮಗೆ ಸೇರಿದ್ದು. ನಾನು ಬರೆದ ಹಾಳೆಯನ್ನು ಮಾತ್ರ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ.

ನಿಮ್ಮ
ಚಲುವರಾಜು