ಅವ್ವನಿಗೆ ಇಲ್ಲದ ಶುಗರ್

ಅಪ್ಪಾಜಿಯವರಿಗೆ,

ಕ್ಷೇಮ ಕೇಳಿ ಶುರು ಮಾಡುವ ಮನಸ್ಸಿಲ್ಲ. ನೀವು ಹೋದ ಮೇಲೆ ನಿಮ್ಮ ಮೇಲಿನ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಎಲ್ಲರೂ ಹೇಳಿದರು. ಇಳಿದಿಲ್ಲ. ಇವತ್ತು ಅವ್ವನನ್ನು ಚನ್ನಗಿರಿ ಆಸ್ಪತ್ರೆಯಿಂದ ಕರೆದುಕೊಂಡು ಬಂದೆ. ಅವಳು ಊಟ ಮಾಡಿ ಅಡ್ಡಾಗಿದ್ದಾಳೆ, ನಾನು ಬರೆಯಲು ಕೂತಿದ್ದೇನೆ. ಪೂರ್ತಿ ಓದಿ. ಬದುಕಿದ್ದಾಗ ನನ್ನ ಮಾತನ್ನು ಅರ್ಧಕ್ಕೇ ತಡೆಯುತ್ತಿದ್ದಿರಿ, ಈಗ ಆ ಅನುಕೂಲ ನಿಮಗಿಲ್ಲ.

ಆಶಾ ಕಾರ್ಯಕರ್ತೆ ರೇಣುಕಕ್ಕ ನಮ್ಮ ಅಂಗಡಿ ಮುಂದೆ ಬಂದು ನಿಂತ ಬೆಳಿಗ್ಗೆ ನೆನಪಿದೆಯಾ? ಅವ್ವ ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಲು ಶುರು ಮಾಡಿ ತಿಂಗಳುಗಳೇ ಆಗಿದ್ದವು. "ಅಣ್ಣಾರೆ, ಪ್ರತಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸಿನ ಡಾಕ್ಟ್ರು ಬರ್ತಾರೆ. ಕೂರಿಸ್ಕಂಡು ಮಾತಾಡ್ಸಾಕೆ ಒಬ್ರು ಮೇಡಮ್ಮೂ ಇರ್ತಾರೆ. ದುಡ್ಡೇನೂ ಕೊಡಂಗಿಲ್ಲ. ಅಕ್ಕನ್ನ ಕರ್ಕಂಡು ಹೋಗ್ರಿ," ಅಂದರು. ಕಟ್ಟೆ ಮೇಲೆ ಕೂತಿದ್ದ ನಿಮ್ಮ ಗೆಳೆಯ ಹನುಮಂತಪ್ಪ ಮಾವ, "ಹುಚ್ಚರ ಸಾಲಿನಾಗೆ ಹೆಂಡ್ತೀನ ಕೂರಿಸ್ತೀಯೇನೋ," ಎಂದು ನಕ್ಕರು. ನೀವು ಬೆಲ್ಲ ತೂಗುವುದನ್ನು ನಿಲ್ಲಿಸಲೂ ಇಲ್ಲ. "ನಮ್ಮನೇಲಿ ಅಂಥೋರು ಯಾರೂ ಇಲ್ಲಮ್ಮ. ಅವಳಿಗೆ ಶುಗರ್ ಐತೆ, ಅದಕ್ಕೆ ಸುಸ್ತು," ಅಂದಿರಿ. ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಎಲ್ಲಿ ಕಲಿತಿರಿ?

ಚಿಕ್ಕಪ್ಪನ ಮಗಳ ಮದುವೆ ಊಟ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಷ್ಟೊತ್ತಿಗೆ ನಿಮ್ಮ ಶುಗರ್ ನಮ್ಮೂರು ನಲ್ಲೂರಿನ ಮನೆಮನೆಗೂ ಹೋಗಿ ಬಂದಿತ್ತು. ಎಲ್ಲಿ ಹೋದರೂ ಅವ್ವನಿಗೆ ಮಾತ್ರ ಸಕ್ಕರೆ ಹಾಕದ ಚಹಾ. ಮದುವೆಯಲ್ಲಿ ಹೋಳಿಗೆ ಬಡಿಸುವವರು ಅವಳ ಎಲೆಗೆ ಬಂದಾಗ ಪಕ್ಕದವರೇ ಕೈ ಅಡ್ಡ ಹಿಡಿದು, "ಆಯಮ್ಮಂಗೆ ಬ್ಯಾಡ್ರಿ, ಆಗಬರಲ್ಲ," ಅಂದರು. ಅವ್ವ ಎಲೆ ನೋಡುತ್ತಾ ಕೂತಳು. ಗಂಡಸರ ಪಂಕ್ತಿಯಲ್ಲಿ ನೀವು ಹೋಳಿಗೆಗೆ ಮತ್ತೊಂದು ಸಲ ತುಪ್ಪ ಹಾಕಿಸಿಕೊಳ್ಳುತ್ತಿದ್ದಿರಿ. ನಿಮ್ಮ ಮರ್ಯಾದೆ ಉಳಿಯಲೆಂದು ಅವಳ ಬಾಯಿ ಚಪ್ಪೆಯಾಗಬೇಕಿತ್ತು. ಇದಕ್ಕೆ ಏನನ್ನಬೇಕು ಅಪ್ಪಾಜಿ...

ಜಗಳೂರು ಕಡೆ ಯಾರೋ ಯಂತ್ರ ಕಟ್ಟುತ್ತಾರೆಂದು ಕಾರು ಬಾಡಿಗೆ ಮಾಡಿದಿರಲ್ಲ, ಆ ದಿನ ನಾನೂ ಜೊತೆಗಿದ್ದೆ. ಪುಕ್ಕಟೆ ಸಿಗುವ ಡಾಕ್ಟರು ನಿಮಗೆ ದುಬಾರಿಯಾದರು, ಯಂತ್ರದವನ ಮುಂದೆ ಮಾತ್ರ ಕೈ ಧಾರಾಳವಾಯಿತು. ಯಾಕೆಂದರೆ ಅದನ್ನು ಊರಿನಲ್ಲಿ ಹೇಳಿಕೊಳ್ಳಬಹುದಿತ್ತು, ಅಲ್ಲವಾ? ವಾಪಸು ಬರುವಾಗ ಬಿಳಿಚೋಡು ದಾಟಿದ ಮೇಲೆ ಅವ್ವ ಬಾಯಿ ಬಿಟ್ಟಳು. "ನಂಗೆ ಯಾರೂ ಏನೂ ಮಾಡ್ಸಿಲ್ಲ ಕಣ್ರೀ. ಸುಮ್ನೆ ದುಃಖ ಬರ್ತೈತೆ," ಅಂದಳು. ನೀವು ಅಂದದ್ದು, "ಬಾಯ್ಮುಚ್ಚು, ಡ್ರೈವರ್ ಕೇಳಿಸ್ಕಂತಾನೆ." ಅವಳು ಹೇಳಿದ್ದು ನಿಮಗೆ. ಡ್ರೈವರನಿಗಲ್ಲ.

ನೀವು ಹೋದ ಮೇಲೆ ಅಂಗಡಿ ಮುಚ್ಚಿದೆವು. ನಾನು ಚನ್ನಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿದೆ. ಮೊದಲು ಅವ್ವನನ್ನು ದಾವಣಗೆರೆಯ ಖಾಸಗಿ ಕೌನ್ಸೆಲರ್ ಹತ್ತಿರ ಕರೆದೊಯ್ದೆ. ಅಲ್ಲಾದರೆ ಗುರುತಿನವರು ಇರುವುದಿಲ್ಲ ಎಂದುಕೊಂಡೆ. ನಿಮ್ಮ ಮಗಳೇ ತಾನೆ! ಒಳ್ಳೆಯ ಹೆಂಗಸು, ಆದರೆ ಒಂದು ಸಲ ಕೂತು ಎದ್ದದ್ದಕ್ಕೆ ನನ್ನ ವಾರದ ದುಡಿಮೆ ಹೋಯಿತು. "ವಾರಕ್ಕೊಮ್ಮೆ ಬರಬೇಕಾಗುತ್ತೆ," ಅಂದರು. ಹೂಂ ಎಂದು ತಲೆಯಾಡಿಸಿ ಬಸ್ಸು ಹತ್ತಿದೆವು, ಮತ್ತೆ ಹೋಗಲಿಲ್ಲ. ಆಮೇಲೆ ಸರ್ಕಾರದ ಉಚಿತ ಸಹಾಯವಾಣಿಗೆ ಫೋನ್ ಮಾಡಿ ಕೊಟ್ಟೆ. ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡು, "ನಿಮ್ದು ಯಾವೂರವ್ವ? ಊಟ ಆತಾ? ನಾವೆಲ್ಲ ಚೆನ್ನಾಗಿದೀವಿ," ಎಂದು ಫೋನನ್ನು ನನ್ನ ಕೈಗಿಟ್ಟಳು. ಪಕ್ಕದ ಮನೆಯವರ ಜಗಲಿಗೆ ಕೇಳಿಸೀತೆಂಬ ಭಯ. ಆ ಭಯವನ್ನು ಅವಳೊಳಗೆ ಇಟ್ಟವರು ಯಾರು?

ಕೊನೆಗೆ ರೇಣುಕಕ್ಕ ಹೇಳಿದ್ದ ಅದೇ ಸಾಲಿಗೆ ಬಂದು ಕೂತೆವು. ನೀವಿದ್ದಾಗಲೂ ಅದು ಅಲ್ಲೇ ಇತ್ತು, ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರದಲ್ಲಿ. ಮೊದಲ ದಿನ ಬೆಂಚಿನ ಆ ತುದಿಯಲ್ಲಿ ಯಾರು ಕೂತಿದ್ದರು ಗೊತ್ತಾ? ನಿಮ್ಮ ಹನುಮಂತಪ್ಪ ಮಾವ. ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು. ನಮ್ಮನ್ನು ನೋಡಿದವರೇ ಎದ್ದು, "ಶುಗರ್ ಚೆಕ್ ಮಾಡ್ಸಾಕೆ ಬಂದಿದ್ದೆ ಕಣವ್ವ," ಅಂದರು. ಅವ್ವ ಅವರನ್ನೇ ನೋಡಿದಳು. ಆಮೇಲೆ ಜಾಗ ಬಿಟ್ಟು ಸರಿದು, "ಕುತ್ಕಳ್ರಿ ಅಣ್ಣ. ನಂದೂ ಅದೇ ಶುಗರ್," ಅಂದಳು. ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಒಳಗೆ ಮೇಡಂ ಬಾಗಿಲು ಹಾಕಿಕೊಂಡು ಮಾತಾಡಿಸುತ್ತಾರೆ. ನಾನು ಹೊರಗೆ ಇರುತ್ತೇನೆ, ಏನು ಮಾತಾಡಿದೆ ಎಂದು ಕೇಳುವುದಿಲ್ಲ. ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ. ಅವ್ವ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಕೆಲವು ದಿನ ಮತ್ತೆ ಗೋಡೆ ಕಡೆ ತಿರುಗುತ್ತಾಳೆ, ಇಲ್ಲವೆನ್ನುವುದಿಲ್ಲ. ಇವತ್ತು ಬಸ್ ಸ್ಟ್ಯಾಂಡಿನಲ್ಲಿ ತಾನಾಗಿಯೇ ಹೇಳಿದಳು. "ನಿಮ್ಮಪ್ಪ ಹೋದಾಗ ನಂಗೆ ಅಳು ಬರ್ಲಿಲ್ಲ. ಅದು ಪಾಪ ಅಲ್ಲ ಅಂದ್ರು ಮೇಡಮ್ಮು." ಇದನ್ನೂ ಹೊತ್ತುಕೊಂಡು ತಿರುಗಿದ್ದಳು. ನನಗೆ ಅಳುವೂ ಬಂತು, ನಿಮ್ಮ ಮೇಲೆ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು?

ಇನ್ನೊಂದು ಸುದ್ದಿ ಇದೆ. ನಿಮ್ಮ ವರ್ಷದ ಎಡೆ ಈ ಸಲ ಮಂಗಳವಾರ ಬಿದ್ದಿದೆ. ಆಗಲೇ ಚಿಕ್ಕಪ್ಪ ಫೋನ್ ಮಾಡಿ, ಆ ದಿನ ಆಸ್ಪತ್ರೆ ಬಿಡಿ, ಅಣ್ಣನ ಎಡೆ ತಪ್ಪಬಾರದು ಅಂದರು. ಅವ್ವ ನನ್ನ ಕೈಯಿಂದ ಫೋನ್ ಇಸಿದುಕೊಂಡಳು. "ಮಂಗಳವಾರ ಆಗಲ್ಲ ಕಣಪ್ಪ. ಬುಧವಾರ ಇಡ್ತೀವಿ." ಬಂದವರಿಗೆ ಏನು ಹೇಳಲಿ ಎಂದು ಅವರು ಕೇಳಿರಬೇಕು. ಅವ್ವ ಸೆರಗನ್ನು ಬಾಯಿಗೆ ತರಲಿಲ್ಲ, ದನಿ ಇಳಿಸಲೂ ಇಲ್ಲ. "ಅತ್ತಿಗೆ ಮನಸಿನ ಡಾಕ್ಟ್ರ ಹತ್ರ ಹೋಗ್ಯಾಳೆ ಅಂತ ಹೇಳು," ಅಂದಳು. ಪಕ್ಕದ ಜಗಲಿಯಲ್ಲಿ ಜನ ಕೂತಿದ್ದರು.

ನಿಮಗೆ ಇಷ್ಟವಾದದ್ದನ್ನೆಲ್ಲ ಮಾಡುತ್ತೇವೆ, ಕಡಿಮೆ ಮಾಡುವುದಿಲ್ಲ. ಬುಧವಾರ ಬನ್ನಿ. ಮಂಗಳವಾರ ಬಂದರೆ ಮನೆಗೆ ಬೀಗ ಹಾಕಿರುತ್ತದೆ.

ನಿಮ್ಮ ಮಗಳು,
ಶಾರದಾ