ಭಾನುವಾರ ಐದರವರೆಗಿನ ಬೆಲೆ

ಮಾರ್ಚ್ 6, ಗುರುವಾರ

ಓಟ್ಸ್ ಗಂಜಿ ಇವತ್ತೂ ಅರ್ಧ ಉಳಿಯಿತು. ಮೈ ತುಂಬಲಿ ಅಂತ ಗೊತ್ತಾಗದ ಹಾಗೆ ಬೆಣ್ಣೆ ಬೆರೆಸಿದ್ದೆ. ಗೊತ್ತಾಯಿತು. ಡ್ವೇನ್ ತೇಲುತ್ತಿದ್ದ ಬೆಣ್ಣೆಯನ್ನು ಚಮಚದ ತುದಿಯಿಂದ ಬದಿಗೆ ಸರಿಸಿದ, ಅಷ್ಟೆ. ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಗಡ್ಡೆಯ ಜೊತೆ ಗಂಡನ ಜಠರವನ್ನೂ ತೆಗೆದ ಮೇಲೆ ಈ ಮನೆಯಲ್ಲಿ ದಿನಕ್ಕೆ ಆರು ಊಟ. ಒಂದೂ ಪೂರ್ತಿಯಲ್ಲ.

ಹೊರಗೆ ಸೊನ್ನೆಗಿಂತ ಕೆಳಗೆ. ಒಳಗೆ ನಾನು ತೋಳಿಲ್ಲದ ರವಿಕೆಯಲ್ಲಿ ಓಡಾಡುವಷ್ಟು ಹೀಟರ್ ಏರಿಸಿದ್ದೇನೆ. ಅವನಿಗೆ ಚಳಿ. ಎರಡು ಸ್ವೆಟರ್, ಮೇಲೆ ಹಡಗಿನ ಕೋಟು. ಜೀವಮಾನವಿಡೀ ಅದಿರು ಹಡಗುಗಳ ಇಂಜಿನ್ ಕೋಣೆಯಲ್ಲಿ ಬೆವರಿದವನು.

ಹಿತ್ತಿಲಲ್ಲಿ ಸೌನಾ ಇದೆ, ಒಲೆ ಕಾಯಿಸಿ ಬೆವರಲು ಕೂರುವ ಕೋಣೆ, ಮಾವ ಕಟ್ಟಿದ್ದು. ಕ್ರಿಸ್‌ಮಸ್ ಹಿಂದಿನ ದಿನ ಅದರ ಕಾವಿಗೆ ಡ್ವೇನ್ ತಲೆಸುತ್ತಿ ಬಿದ್ದ. ಡಾಕ್ಟರು ಖಡಾಖಂಡಿತವಾಗಿ ಹೇಳಿದರು — ಆ ಬಿಸಿ ಇನ್ನು ಬೇಡ. ಬೆಚ್ಚನೆಯ ನೀರು ಪರವಾಗಿಲ್ಲ, ಸ್ವಲ್ಪ ಹೊತ್ತು. ಬಚ್ಚಲ ತೊಟ್ಟಿಯಲ್ಲಿ ಕೂರಿಸಿದರೆ ಬೆನ್ನುಮೂಳೆ ಒತ್ತುತ್ತದೆ. ನೀರು ಬೇಗ ಆರುತ್ತದೆ. ಅವನು ಬೈಯುತ್ತ ಏಳುತ್ತಾನೆ.

ಸಂಜೆ ಜಾಹೀರಾತಿನ ಚೀಟಿ ಹಿಡಿದುಕೊಂಡು ಬಂದ. ಶನಿವಾರ, ಭಾನುವಾರ ಸರೋವರದ ದಡದ ಹಾಲ್‌ನಲ್ಲಿ ಹೋಂ ಶೋ, ಮನೆಸಾಮಾನಿನ ಮೇಳ. ಹಾಟ್ ಟಬ್‌ಗಳ, ಅಂದರೆ ನೀರು ಆರದ ದೊಡ್ಡ ತೊಟ್ಟಿಗಳ ಮೇಲೆ ಮೇಳದ ರಿಯಾಯಿತಿ.

"ಸುಮ್ನೆ ನೋಡ್ಕೊಂಡು ಬರೋಣ, ಮೇದಿ," ಎಂದ.

ಅವನು ಸುಮ್ಮನೆ ನೋಡುವ ಜಾತಿಯಲ್ಲ. ಆದರೆ ಎಷ್ಟು ಕಾಲವಾಯಿತು ಅವನು ಏನಾದರೂ ಬೇಕು ಅಂದು… ಹೂಂ ಅಂದೆ.


ಮಾರ್ಚ್ 8, ಶನಿವಾರ, ಸಂಜೆ

ಕೊಂಡುಬಿಟ್ಟೆವು.

ಕುಕ್ಕರ್ ಕೊಳ್ಳಲು ವಾರಗಟ್ಟಲೆ ವಿಮರ್ಶೆ ಓದುವವಳು ನಾನು. ಹೇಗಾಯಿತು ಅಂತ ಕ್ರಮವಾಗಿ ಬರೆದಿಡಬೇಕು.

ಅತ್ತೆ ಲೆಂಪಿಯೂ ಬಂದಿದ್ದರು. ಹಾಲ್ ತುಂಬ ಕಿಟಕಿ ಮಾರುವವರು, ಛಾವಣಿ ಮಾರುವವರು, ಕಡಲೆಯ ಮಿಠಾಯಿ. ಕೊನೆಯ ಸಾಲಿನಲ್ಲಿ ಟಬ್‌ಗಳು. ಯಾವುದರಲ್ಲೂ ನೀರಿಲ್ಲ. ತಳದಲ್ಲಿ ನೀಲಿ ದೀಪ, ಪಕ್ಕದಲ್ಲಿ ಪ್ಲಾಸ್ಟಿಕ್ ತಾಳೆಗಿಡ. ಮಾರುವ ಹುಡುಗನ ಹೆಸರು ಕೋಲ್ಟನ್. ಹಲ್ಲು ಬಹಳ ಬಿಳಿ.

"ಬನ್ನಿ ಹುಡುಗಿ, ನೀವೂ ಕೂತು ನೋಡಿ," ಅಂದ ಅತ್ತೆಗೆ.

"ಹುಡುಗಿ ಅನ್ನೋ ಮುಂಚೆ ಹಲ್ಲು ಎಣಿಸ್ಬೇಕಪ್ಪ," ಎಂದರು ಲೆಂಪಿ. "ಅಲ್ಲ, ಹಿಮದಲ್ಲಿ ಕೂತು ಸಾರಿನ ಮೀನಾಗೋದಕ್ಕೆ ಇಷ್ಟು ದುಡ್ಡಾ?"

"ಇಷ್ಟಲ್ಲ ಮೇಡಂ. ಅದು ಅಂಗಡಿ ಬೆಲೆ, ಹೊಡೆದುಹಾಕಿದೀವಿ. ಕೆಂಪಲ್ಲಿರೋದು ಮೇಳದ್ದು. ನಾಳೆ ಐದು ಗಂಟೆವರೆಗೆ ಮಾತ್ರ."

"ಆ ಹೊಡೆದುಹಾಕಿದ ಬೆಲೆನ ಯಾರಾದ್ರೂ ಯಾವತ್ತಾದ್ರೂ ಕೊಟ್ಟಿದಾರಾ?"

"ಅಂಗಡೀಲಿ ಕೊಡ್ತಾರೆ."

"ಎಲ್ಲಿದೆ ನಿನ್ನ ಅಂಗಡಿ?"

ಕೋಲ್ಟನ್ ನಕ್ಕ. ಅವರು ಊರೂರು ತಿರುಗುತ್ತಾರಂತೆ.

ಅಷ್ಟರಲ್ಲಿ ಡ್ವೇನ್ ಬೂಟು ಬಿಚ್ಚಿ ಒಂದರೊಳಗೆ ಇಳಿದಿದ್ದ. ಕಾಲು ಚಾಚಿ ಮಲಗುವ ಸೀಟಿರುವ ಟಬ್ — ಲೌಂಜರ್ ಅನ್ನುತ್ತಾರೆ. ಕೋಟು ಸಮೇತ ಮಲಗಿ ಕಣ್ಣು ಮುಚ್ಚಿದ. ದಾರಿಹೋಕರು ನೋಡಿ ನಗುತ್ತಿದ್ದರು. ಅವನ ಮುಖ… ಹಡಗಿನಿಂದ ರಜೆಗೆ ಬಂದ ಮೊದಲ ಬೆಳಿಗ್ಗೆ ಹಾಸಿಗೆಯಲ್ಲಿ ಇರುತ್ತಿದ್ದ ಮುಖ.

"ನೆಲ ಹೆಪ್ಪುಗಟ್ಟಿದೆ, ಟಬ್ ಕೂರಿಸೋಕೆ ಕಾಂಕ್ರೀಟ್ ಕಟ್ಟೆ ಹಾಕೋಕಾಗಲ್ಲ," ಅಂದೆ ನಾನು, ತಡೆಯಲಿಕ್ಕೆ.

"ಅದಕ್ಕೇ ಜೂನ್‌ನಲ್ಲಿ ತಲುಪಿಸ್ತೀವಿ. ಬೆಲೆ ಮಾತ್ರ ಇವತ್ತಿನದು. ಮನಸ್ಸು ಬದಲಾದ್ರೆ ಬುಧವಾರದವರೆಗೆ ರದ್ದು ಮಾಡ್ಬಹುದು, ಕಾನೂನಿದೆ. ಯಾರೂ ಮಾಡಲ್ಲ. ಟಬ್ಬಿನ ಮೈಗೆ ಹತ್ತು ವರ್ಷ ಗ್ಯಾರಂಟಿ, ಸರ್."

"ಹತ್ತು ವರ್ಷ," ಎಂದ ಡ್ವೇನ್, ಕಣ್ಣು ಬಿಡದೆ.

ನಾನು ಕಾರ್ಡ್ ತೆಗೆದುಕೊಟ್ಟೆ.


ಮಾರ್ಚ್ 9, ಭಾನುವಾರ

ಇವತ್ತಿನಿಂದ ಗಡಿಯಾರ ಒಂದು ಗಂಟೆ ಮುಂದೆ. ಎಲ್ಲರಿಗೂ ಕಣ್ಣು ಭಾರ.

ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ. ಒಬ್ಬರು ಮೇಳದ ಬೆಲೆಯೇ ಚೆನ್ನ ಅನ್ನುತ್ತಾರೆ, ಇನ್ನೊಬ್ಬರು ಮೇಳದವನಿಗೆ ಫೋನ್ ಮಾಡಿದರೆ ಎತ್ತುವುದೇ ಇಲ್ಲ ಅನ್ನುತ್ತಾರೆ. ಮುಚ್ಚಳ ಬೇರೆ, ಮೆಟ್ಟಿಲು ಬೇರೆ, ತಂತಿ ಎಳೆಯುವವನು ಬೇರೆ, ರಸ್ತೆಯಿಂದ ಹಿತ್ತಿಲಿಗೆ ಎತ್ತುವ ಕ್ರೇನ್ ಬೇರೆ. ಇವನ್ನೆಲ್ಲ ನಿನ್ನೆ ಕೇಳಲಿಲ್ಲ. ಕಚೇರಿಯಲ್ಲಿ ಊರಿನ ಕುಡಿಯುವ ನೀರು ಪರೀಕ್ಷಿಸುವುದು ನನ್ನ ಕೆಲಸ. ನೀರೇ ಇಲ್ಲದ ತೊಟ್ಟಿಗೆ ದುಡ್ಡು ಕೊಟ್ಟು ಬಂದೆ.

ಡ್ವೇನ್ ಹಿತ್ತಿಲಿನ ಹಿಮದಲ್ಲಿ ನಾಲ್ಕು ಕಡ್ಡಿ ನೆಟ್ಟು ಜಾಗ ಗುರುತು ಮಾಡಿದ. ಒಳಗೆ ಬಂದವನು ಬೆರಳು ನೀಲಿಗಟ್ಟಿ ಬಹಳ ಹೊತ್ತು ನಡುಗಿದ. ಖುಷಿಯಲ್ಲಿದ್ದ.


ಮಾರ್ಚ್ 10, ಸೋಮವಾರ

ಊಟದ ವಿರಾಮದಲ್ಲಿ ಬೆಟ್ಟದ ಮೇಲಿನ ಟಬ್ ಅಂಗಡಿಗೆ ಹೋದೆ. ಡೋರೀನ್ ಅಂತ ಒಡತಿ, ನನಗಿಂತ ಹಿರಿಯಳು, ಕೈಯಲ್ಲಿ ಸ್ಯಾಂಡ್‌ವಿಚ್. ಮೇಳದಲ್ಲಿ ಕೊಂಡೆವು ಅಂತ ಮೊದಲೇ ಹೇಳಿಬಿಟ್ಟೆ.

"ಸರಿ, ಬಯ್ಯಲಾ, ಸಮಾಧಾನ ಮಾಡ್ಲಾ?" ಎಂದಳು.

"ನಿಜ ಹೇಳಿ. ಆ ರಿಯಾಯಿತಿ ನಿಜಾನಾ?"

"ಕೆಲವು ನಿಜ. ಎರಡು ದಿನಕ್ಕೆ ಎರಡು ತಿಂಗಳ ವ್ಯಾಪಾರ ಆದ್ರೆ ಬಿಡೋಕಾಗುತ್ತೆ. ತಂದ ಮಾಲನ್ನ ಮತ್ತೆ ಲಾರಿಗೆ ಹೇರೋ ಬದಲು ಬಿಟ್ಟುಕೊಡೋದೂ ಇದೆ. ಇನ್ನು ಕೆಲವು, ಮೊದಲು ಏರಿಸಿ ಆಮೇಲೆ ಇಳಿಸಿದ್ದು. ನಾನೂ ಏಪ್ರಿಲ್‌ನಲ್ಲಿ ಮೇಳ ಹಾಕ್ತೀನಮ್ಮ, ಸಾಚಾ ಅಂತ ಹೇಳ್ಕೊಳಲ್ಲ. ಯಾವ ಮಾಡೆಲ್?"

ಹೇಳಿದೆ. ಲೌಂಜರ್ ಇರುವುದು.

ಅಗಿಯುವುದನ್ನು ನಿಲ್ಲಿಸಿದಳು. "ನೀರಲ್ಲಿ ಕೂತು ನೋಡಿದ್ರಾ?"

"ಒಣದರಲ್ಲಿ…"

"ಒಣದರಲ್ಲಿ ಎಲ್ಲವೂ ಚೆನ್ನಾಗೇ ಇರುತ್ತೆ. ನಾಳೆ ಗಂಡನ್ನ ಕರ್ಕೊಂಡು ಬನ್ನಿ, ಈಜುಡುಪು ತನ್ನಿ. ಹಿಂದೆ ಪರದೆ ಹಾಕಿರೋ ಕೋಣೇಲಿ ಎರಡು ಟಬ್ ತುಂಬಿಸಿಟ್ಟಿದೀನಿ. ಇಳಿದು ನೋಡದೆ ನಾನು ಯಾರಿಗೂ ಮಾರಲ್ಲ. ಆಮೇಲೆ ಗೋಳು ಕೇಳೋದು ನಾನೇ ತಾನೇ, ಊರು ಬಿಟ್ಟು ಹೋಗೋಕಾಗಲ್ವಲ್ಲ."

ಅವಳ ಮಾತಿನಲ್ಲೂ ವ್ಯಾಪಾರ ಇದೆ. ಇರಲಿ. ಯಾರ ಮಾತಿನಲ್ಲಿ ಇಲ್ಲ? ಗಂಜಿಗೆ ಬೆರೆಸಿದ ನನ್ನ ಬೆಣ್ಣೆಯಲ್ಲೂ ಇತ್ತು.


ಮಾರ್ಚ್ 11, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕಷ್ಟ.

ಹೋದೆವು. ಡ್ವೇನ್ ತಮಾಷೆ ಮಾಡುತ್ತಲೇ ಇದ್ದ — ಅಂಗಡಿಗೆ ಚಡ್ಡಿ ಹಿಡ್ಕೊಂಡು ಹೋಗೋದು ಇದೇ ಮೊದಲು ಅಂತ. ಬಟ್ಟೆ ಬದಲಿಸಿ ಪರದೆ ಸರಿಸಿ ಬಂದ. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾನೆ, ಕತ್ತಲಲ್ಲಿ ಬಟ್ಟೆ ಬದಲಿಸುತ್ತಾನೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದೆ. ಭುಜದ ಮೂಳೆ. ಪಕ್ಕೆ. ಹಳೆಯ ಚಡ್ಡಿಯ ದಾರ ಎರಡು ಸುತ್ತು ಬಂದಿತ್ತು. ನೋಡುತ್ತಿದ್ದೇನೆ ಅಂತ ಗೊತ್ತಾಗಬಾರದೆಂದು ಟವೆಲ್ ಮಡಿಸಿದೆ.

ಇಳಿದ. ಲೌಂಜರಿನಲ್ಲಿ ಮಲಗಿದ. ಡೋರೀನ್ ನೀರಿನ ಚಿಲುಮೆಗಳನ್ನು ಹಾಕಿದಳು.

ಕಾಲು ಮೇಲೆ ಬಂತು. ಕೆಳಗೆ ಒತ್ತಿದ. ಸೊಂಟ ಮೇಲೆ ಬಂತು. ನಗುತ್ತ ಅಂಚು ಹಿಡಿದುಕೊಂಡ. ಕೈ ಬಿಟ್ಟ ಕೂಡಲೇ ಇಡೀ ಮೈ ಸೀಟಿನಿಂದ ಎದ್ದು ಒಣ ಕಟ್ಟಿಗೆಯ ಹಾಗೆ ಇನ್ನೊಂದು ಬದಿಗೆ ಸಾಗಿತು. ಮತ್ತೆ ಬಂದು ಮಲಗಿದ. ಮತ್ತೆ ಎದ್ದಿತು. ಮೂರನೆಯ ಸಲ ನಗಲಿಲ್ಲ.

"ಟಬ್ ತಪ್ಪಲ್ಲ ಸರ್," ಎಂದಳು ಡೋರೀನ್, ಮೆಲ್ಲಗೆ. "ಹಗುರ ಇರೋರು ಲೌಂಜರಲ್ಲಿ ತೇಲ್ತಾರೆ. ಆ ಮೂಲೆ ಸೀಟಿಗೆ ಬನ್ನಿ, ಆಳ ಇದೆ."

"ನಾನು ಹಗುರ ಮನುಷ್ಯ ಅಲ್ಲ," ಎಂದ ಡ್ವೇನ್.

ಅವಳು ಚಿಲುಮೆ ನಿಲ್ಲಿಸಿ, ಫೋನ್ ಬಂತು ಅಂತ ಹೊರಗೆ ಹೋದಳು. ಫೋನ್ ಬಂದಿರಲಿಲ್ಲ.

ಕಾರಿನ ಹೀಟರನ್ನು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ: "ರದ್ದು ಮಾಡ್ಬೇಡ. ಬರೋದು ಜೂನ್‌ಗೆ ತಾನೇ. ಅಷ್ಟರಲ್ಲಿ ಮೈ ತುಂಬುತ್ತೆ."

"ಹೂಂ."

"ತುಂಬಲ್ಲ ಅಂತೀಯಾ?"

"ಹಾಗಂದ್ನಾ ನಾನು?"

ನಾಳೆ ಕೊನೆಯ ದಿನ. ಸುಮ್ಮನಿದ್ದರೆ ಅವನು ಮಲಗಲಾಗದ ಟಬ್ ಬರುತ್ತದೆ. ರದ್ದು ಮಾಡಿದರೆ, ನಿನ್ನ ಮೈ ಮತ್ತೆ ಬರುವುದಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದ ಹಾಗೆ. ಬೆಲೆ ಸರಿಯೇ ತಪ್ಪೇ ಅಂತ ಲೆಕ್ಕ ಹಾಕಲು ಕೂತವಳಿಗೆ ಇದು ಯಾವ ಲೆಕ್ಕ? ನನಗೆ ನಂಬಿಕೆ ಇದೆಯೇ? ಇದೆ ಅಂತ ಬರೆದು ಹೊಡೆದುಹಾಕಿದೆ. ಇಲ್ಲ ಅಂತ ಬರೆಯಲು ಕೈ ಬರಲಿಲ್ಲ.


ಮಾರ್ಚ್ 12, ಬುಧವಾರ

ರಜೆ ಹಾಕಿದೆ. ಮಧ್ಯಾಹ್ನದವರೆಗೆ ಫೋನ್ ಸುತ್ತ ಸುಳಿದಾಡಿದೆ. ಅವನು ಕಿಟಕಿಯಿಂದ ಹಿಮದಲ್ಲಿನ ಕಡ್ಡಿಗಳನ್ನು ನೋಡುತ್ತಿದ್ದ.

ಅತ್ತೆ ಬಂದರು, ಏಲಕ್ಕಿ ಬ್ರೆಡ್ ಸುತ್ತಿಕೊಂಡು. ಏನಾಯ್ತು ಅಂತ ಕೇಳಿದರು. ಡ್ವೇನ್ ತಾನೇ ಹೇಳಿದ, ತೇಲಿದ್ದನ್ನೂ. ಜೂನ್‌ನ ಮಾತನ್ನೂ.

ಲೆಂಪಿ ಬ್ರೆಡ್ ಕತ್ತರಿಸಿದರು. ಅವನ ತುಂಡಿಗೆ ಬೆಣ್ಣೆ ಹಚ್ಚಲಿಲ್ಲ.

"ಐದನೇ ಕ್ಲಾಸಲ್ಲಿ ನಿಂಗೆ ಬೂಟು ತಂದಿದ್ದೆ, ನೆನಪಿದೆಯಾ?"

"ದೋಣಿ ಥರದ್ದು."

"ಎರಡು ಸೈಜು ದೊಡ್ಡದು. ಬೆಳೀತಾನೆ, ಬರುತ್ತೆ ಅಂತ. ಚಳಿಗಾಲ ಪೂರ್ತಿ ಪೇಪರ್ ತುರುಕಿಕೊಂಡು ನಡೆದೆ ನೀನು. ಹೆಬ್ಬೆರಳು ಹೆಪ್ಪುಗಟ್ಟಿ ಡಾಕ್ಟರ ಹತ್ರ ಓಡಿದ್ವಿ."

"ನೀನು ಯಾಕಮ್ಮ ತಂದೆ ಅದನ್ನ?"

"ಸೇಲ್ ಇತ್ತು," ಎಂದರು ಲೆಂಪಿ.

ಡ್ವೇನ್ ನಕ್ಕ. ನಗು ಕೆಮ್ಮಾಯಿತು, ಮತ್ತೆ ನಗುವಾಯಿತು. ಅತ್ತೆ ನಗಲಿಲ್ಲ. "ಬೆಳೆದೆ ಆಮೇಲೆ. ಬೆಳೀಲಿಲ್ಲ ಅಂತಲ್ಲ. ಆದ್ರೆ ಚಳಿ ಆ ವರ್ಷ ಇತ್ತು ಮಗಾ."

ಅವನು ಬ್ರೆಡ್ ತುಂಡು ಪೂರ್ತಿ ತಿಂದ, ನಿಧಾನವಾಗಿ. ಎದ್ದು ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಸ್ಪೀಕರ್ ಹಾಕಿದ. ಕೋಲ್ಟನ್ ಬೇರೆ ಊರಿನ ಮೇಳದಲ್ಲಿದ್ದ, ಹಿಂದೆ ಗದ್ದಲ. ರದ್ದು ಅಂದ ಕೂಡಲೇ ಇನ್ನೂ ಐನೂರು ಡಾಲರ್ ಇಳಿಸಿದ.

"ಭಾನುವಾರ ಐದಕ್ಕೇ ಮುಗೀತಲ್ಲಪ್ಪ ಬೆಲೆ?" ಎಂದ ಡ್ವೇನ್.

"ನಿಮಗೆ ಅಂತ, ಸರ್."

"ಲೌಂಜರ್ ಇಲ್ಲದ್ದು ಇದೇ ಬೆಲೆಗೆ ಕೊಡ್ತೀಯಾ?"

ಅದರ ಮೇಲೆ ರಿಯಾಯಿತಿ ಇಲ್ಲವಂತೆ. ಅದು ತಾನಾಗಿಯೇ ಮಾರಿಹೋಗುತ್ತದಂತೆ.

ಕೋಲ್ಟನ್ ಹೇಳಿದ ಹಾಗೆ ರದ್ದತಿಯ ಕಾಗದವನ್ನೂ ಇವತ್ತೇ ಅಂಚೆಗೆ ಹಾಕಿದೆವು. ಅಲ್ಲಿಂದ ನೇರ ಬೆಟ್ಟದ ಮೇಲಕ್ಕೆ. ಡೋರೀನ್ ಹತ್ತಿರ ಒಂದು ಚಿಕ್ಕದಿದೆ. ದೀಪವಿಲ್ಲ, ಲೌಂಜರ್ ಇಲ್ಲ, ಸುತ್ತ ಆಳದ ಸೀಟು. ಮನೆಯ ಸಾದಾ ಪ್ಲಗ್ಗಿಗೆ ನಡೆಯುತ್ತದೆ. ಗ್ಯಾರೇಜಿನ ನೆಲ ಈಗಾಗಲೇ ಕಾಂಕ್ರೀಟ್, ಅಲ್ಲೇ ಇಡಬಹುದು. ಚೌಕಾಸಿ ಮಾಡಿದೆ.

"ಏಪ್ರಿಲ್ ಮೇಳಕ್ಕೆ ಬನ್ನಿ, ಇದೇ ಟಬ್ ಕಡಿಮೆಗೆ ಕೊಡ್ತೀನಿ," ಎಂದಳು. "ಇವತ್ತು ಬೇಕಂದ್ರೆ ಬರೆದಿರೋ ಬೆಲೆ. ಸುಳ್ಳು ಯಾಕೆ ಹೇಳ್ಲಿ, ಕಾದ್ರೆ ನಿಮಗೇ ಲಾಭ."

ನಾನು ಯೋಚಿಸುತ್ತಿದ್ದೆ — ನಿಜಕ್ಕೂ, ಒಂದು ಕ್ಷಣ ಯೋಚಿಸಿದೆ. ಡ್ವೇನ್ ಕೋಟಿನ ಕಾಲರ್ ಎತ್ತಿಕೊಂಡ.

"ನಂಗೆ ಚಳಿ ಈಗ ಆಗ್ತಿದೆ, ಮೇದಿ."

ಪೂರ್ತಿ ಬೆಲೆ ಕೊಟ್ಟೆವು.


ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ

ಗ್ಯಾರೇಜಿನಲ್ಲಿ ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನೆ. ಹಬೆಗೆ ಕಾಗದ ಮೆತ್ತಗಾಗಿದೆ.

ಮೊನ್ನೆ ತಂದಿಟ್ಟರು. ಸಾದಾ ಪ್ಲಗ್ ಆದ್ದರಿಂದ ನೀರು ಕಾಯಲು ಇಡೀ ದಿನ. ಕಾರು ಈಗ ಹೊರಗೆ, ಹಿಮ ಹೊದ್ದು. ನಿನ್ನೆ ನೀರು ಪರೀಕ್ಷಿಸಿದೆ, ಊರಿನ ನೀರಿಗೆ ಮಾಡುವುದಕ್ಕಿಂತ ಹೆಚ್ಚು ಸಲ. ಡ್ವೇನ್ ಬಾಗಿಲನ್ನು ಅರ್ಧ ಮೇಲೆತ್ತಿಸಿದ, ಹೊರಗೆ ಕಾಣಬೇಕಂತೆ. ಕೆಳಗೆ ಸರೋವರದಲ್ಲಿ ಮಂಜುಗಡ್ಡೆ ಒಡೆಯುವ ಹಡಗು ದಾರಿ ಮಾಡುತ್ತಿದೆ. ಇನ್ನು ಕೆಲವೇ ದಿನಕ್ಕೆ ಅದಿರು ಹಡಗುಗಳು ಹೊರಡುತ್ತವೆ. ಅವನ ಹಡಗೂ, ಅವನಿಲ್ಲದೆ.

ಅತ್ತೆ ಬಂದು ಒಂದು ಕೈ ನೀರಿಗಿಟ್ಟರು.

"ಇದು ಬಿಸೀನಾ? ಹಸುಗೂಸಿನ ಸ್ನಾನ."

"ಅಷ್ಟೇ ಸಾಕಮ್ಮ," ಎಂದ.

ಅವರು ಕೈ ತೆಗೆಯಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದು, ತೋಳು ಒದ್ದೆಯಾಯಿತು ಅಂತ ಬೈದುಕೊಂಡು ಒಳಗೆ ಹೋದರು. ಈಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು.

ಮೂಲೆಯ ಸೀಟಿನಲ್ಲಿ ಕೂತಿದ್ದಾನೆ. ಭುಜದವರೆಗೂ ನೀರು. ತೇಲುತ್ತಿಲ್ಲ. ತುಟಿಯ ನೀಲಿ ಹೋಗಿದೆ. ಸೋಮವಾರ ಸ್ಕ್ಯಾನ್ ಇದೆ. ಏನು ಬರುತ್ತದೋ ಗೊತ್ತಿಲ್ಲ. ಸಾಕಾ ಬಿಸಿ ಅಂತ ಕೇಳಿದೆ. ನೋಡಿದರೆ ತಲೆ ಅಂಚಿಗೆ ಒರಗಿದೆ, ಸಣ್ಣಗೆ ಗೊರಕೆ. ತಿಂಗಳುಗಳಿಂದ ಹಗಲಲ್ಲಿ ಅವನು ನಡುಗದೆ ನಿದ್ದೆ ಮಾಡಿದ್ದು ನೋಡಿಲ್ಲ.

ಡಾಕ್ಟರು ಹೇಳಿದ ಹೊತ್ತು ಮುಗಿಯಿತು. ಎಬ್ಬಿಸಬೇಕು. ಎಬ್ಬಿಸುತ್ತೇನೆ. ಇನ್ನೊಂದೇ ನಿಮಿಷ.