ಉಪವಾಸದ ತೊಟ್ಟಿ

ಮಾರ್ಚ್ 3, ಸೋಮವಾರ

ಇವತ್ತು ಮೀನುಮರಿ ಕೇಂದ್ರದಲ್ಲಿ ಅರವತ್ತು ಪ್ಲಾಸ್ಟಿಕ್ ಕವರ್ ಕಟ್ಟಿದೆ. ಮೂರರಲ್ಲೊಂದು ಪಾಲು ನೀರು, ಅದರಲ್ಲಿ ಮೀನುಮರಿ, ಉಳಿದ ಜಾಗಕ್ಕೆಲ್ಲ ಸಿಲಿಂಡರ್ ಆಕ್ಸಿಜನ್. ಬಾಯಿಗೆ ರಬ್ಬರ್ ಬ್ಯಾಂಡ್. ಬೆರಳೆಲ್ಲ ಬೊಬ್ಬೆ.

ಗುರುವಾರ ಮತ್ತೆ ಲಾರಿಗೆ ಲೋಡ್. ಬುಧವಾರವೇ ಮರಿಗಳು ಉಪವಾಸದ ತೊಟ್ಟಿಗೆ. ಆ ಹೆಸರಿಟ್ಟಿದ್ದು ನಾನೇ. ಪ್ರಯಾಣದ ಹಿಂದಿನ ದಿನ ಮೇವಿಲ್ಲ. ಹೊಟ್ಟೆ ಖಾಲಿ ಇದ್ದರೆ ಕಡಿಮೆ ಗಾಳಿ ಸಾಕು, ನೀರೂ ಬೇಗ ಕೆಡಲ್ಲ.

ಮನೆಗೆ ಬಂದರೆ ಗುಂಡ ಮೂರು ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದ. ಮೂಗಿಗೆ ನಳಿಗೆ, ಪಕ್ಕದಲ್ಲಿ ಗುರ್ ಅನ್ನುವ ಆಕ್ಸಿಜನ್ ಮಷಿನ್. ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಒಂಬತ್ತು ವರ್ಷ ಧೂಳು ಕುಡಿದ ತಮ್ಮ. ಈಗ ಹೆಸರಿಗಷ್ಟೇ ಗುಂಡ. ಅಮ್ಮ ತಟ್ಟೆ ತುಂಬ ಕಲಸಿಕೊಂಡು ತುತ್ತು ತುರುಕುತ್ತಿದ್ದಳು.

"ಡಾಕ್ಟರ್ ಏನಂದ್ರಮ್ಮ? ಸ್ವಲ್ಪಸ್ವಲ್ಪ, ದಿನಕ್ಕೆ ಆರು ಸಲ. ಹೊಟ್ಟೆ ಬಿರಿಯ ತಿಂದ್ರೆ ಮೇಲಕ್ಕೊತ್ತುತ್ತೆ, ಉಸಿರಾಡೋಕೆ ಜಾಗ ಇರಲ್ಲ."

"ಡಾಕ್ಟರ್ ಹೆತ್ತಿದ್ದಾನಾ ಇವನನ್ನ?"

ಗುಂಡ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. ಕೆಮ್ಮು ಬಂತು. ಅರ್ಧ ಗಂಟೆ ಹಿಡಿಯಿತು ಸುಧಾರಿಸಿಕೊಳ್ಳಲು.

ಮಾರ್ಚ್ 5, ಬುಧವಾರ

ಊಟದ ಡಬ್ಬಿ ಮರೆತಿದ್ದೆ. ಅಮ್ಮ ಬಿಸಿಲಲ್ಲಿ ಹೊತ್ತುಕೊಂಡು ಬಂದಳು. ತೊಟ್ಟಿ ಹತ್ತಿರ ನಿಂತಳು.

"ಬಾಯಿ ಬಾಯಿ ಬಿಡ್ತಾವಲ್ಲೇ..."

"ನಾಳೆ ಪ್ರಯಾಣ ಅಮ್ಮ. ಇವತ್ತು ಏನೂ ಕೊಡೋ ಹಾಗಿಲ್ಲ."

"ಪಾಪ." ಅಷ್ಟೇ ಅಂದಿದ್ದು. ನಾನು ಕೈ ತೊಳೆಯಲು ಹೋದೆ.

ಮಾರ್ಚ್ 6, ಗುರುವಾರ, ಸಂಜೆ 4

ಲಾರಿ ಡ್ರೈವರ್ ಫೋನ್ ಮಾಡಿದ. ಬೆಳಿಗ್ಗೆ ಕಳಿಸಿದ ಅರವತ್ತು ಕವರಲ್ಲಿ ನಲವತ್ತೊಂದು ಹೋಗಿವೆ. ನೀರೆಲ್ಲ ಬಗ್ಗಡ, ತಳದಲ್ಲಿ ಹೊಲಸು.

ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ, ನಿನ್ನೆ ಮೇವು ಹಾಕಿದ್ದು ಯಾರು ಅಂತ ಕೇಳಿದರು. ಮೇವಿನ ಡಬ್ಬದ ಕಡೆ ನೋಡಿದೆ. ಮುಚ್ಚಳ ಅಂಗಾತ ಕೂತಿತ್ತು. ಅಮ್ಮ ಅಡುಗೆಮನೆಯಲ್ಲೂ ಮುಚ್ಚಳ ಹಾಗೇ ಇಡೋದು.

"ನಾನೇ ಸರ್. ಮರೆತು ಹಾಕಿಬಿಟ್ಟೆ."

ಹದಿನಾಲ್ಕು ವರ್ಷದ ಕೆಲಸ. ಇನ್ನೊಂದು ಸಲ ಆದರೆ ಬರುವುದೇ ಬೇಡ ಅಂದರು.

ಅದೇ ದಿನ, 7

ಮನೆಗೆ ಬಂದು ಕೇಳಿದೆ, ಅಮ್ಮ ಸುಳ್ಳು ಹೇಳಲಿಲ್ಲ.

"ಎರಡೇ ಹಿಡಿ ಹಾಕಿದ್ದು. ಹಸಿದ ಹೊಟ್ಟೇಲಿ ಯಾರನ್ನಾದ್ರೂ ದಾರಿಗೆ ಕಳಿಸ್ತಾರೇನೇ?"

ಸಿಟ್ಟಿತ್ತು ನನಗೆ. ಹೇಳಿಬಿಟ್ಟೆ — "ತಿಂದದ್ದು ಕರಗೋದಕ್ಕೂ ಗಾಳಿ ಬೇಕಮ್ಮ. ಕವರಲ್ಲಿ ಇದ್ದಿದ್ದೇ ಅಷ್ಟು. ಹೊರಗಿಂದ ಬರೋ ಹಾಗಿಲ್ಲ. ಅವು ಉಸಿರು ಕಟ್ಟಿ ಸತ್ತವು."

ಅಮ್ಮ ನನ್ನನ್ನು ನೋಡಲಿಲ್ಲ. ಗುಂಡನ ಮಷಿನ್ ನೋಡಿದಳು. ಆಮೇಲೆ ಗುಂಡನನ್ನು.

ಮೀನಿನ ಮಾತಷ್ಟೇ ಆಡಿದೆ ಅಂದುಕೊಂಡೆ. ಅಲ್ಲ. ಎಲ್ಲಿ ತಾಗಬೇಕೋ ಅಲ್ಲಿಗೇ ಹೊಡೆದೆ. ಇದಕ್ಕೆ ನಾಚಿಕೆಯಾಗುತ್ತಿದೆ.

ಮಾರ್ಚ್ 12, ಬುಧವಾರ

ಐದು ದಿನ ಏನೂ ಬರೆಯಲಿಲ್ಲ.

ಅಮ್ಮ ದೊಡ್ಡ ತಟ್ಟೆ ಮೇಲಟ್ಟಕ್ಕೆ ಸೇರಿಸಿದ್ದಾಳೆ. ಈಗ ಪುಟ್ಟ ಬಟ್ಟಲು. ದಿನಕ್ಕೆ ಆರು ಸಲ, ಗಡಿಯಾರ ನೋಡಿಕೊಂಡು. ಗುಂಡನಿಗೆ ಎರಡು ದಿಂಬು ಸಾಕಾಗುತ್ತಿದೆ. ನಿನ್ನೆ ಊಟ ಆದಮೇಲೂ ನಿಲ್ಲದೆ ಒಂದು ಇಡೀ ವಾಕ್ಯ ಮಾತಾಡಿದ.

"ಅಕ್ಕಾ, ನನ್ನನ್ನೂ ಎಲ್ಲಿಗೋ ಲೋಡ್ ಮಾಡ್ತಿದ್ದೀರಾ ಹೇಗೆ?"

ನಾನು ನಕ್ಕೆ. ಅಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ತುಂಬ ಹೊತ್ತು ಸುರಿಯಿತು.

ಮಾರ್ಚ್ 15, ಶನಿವಾರ, ಮಧ್ಯಾಹ್ನ 1

ಈಗಷ್ಟೇ. ಬಟ್ಟಲು ಖಾಲಿಯಾಗಿತ್ತು. ಗುಂಡನೇ ಅಂದ, "ಇನ್ನೊಂದು ತುತ್ತು ಅಮ್ಮಾ."

ತಾನಾಗಿ ಕೇಳಿ ಎಷ್ಟು ತಿಂಗಳಾಯಿತೋ. ಅಮ್ಮ ಒಂದು ತುತ್ತು ಕಲಸಿದಳು. ಕೈ ಅರ್ಧಕ್ಕೇ ನಿಂತಿತು. ನನ್ನ ಕಡೆ ತಿರುಗಿದಳು.

"ಕೊಡ್ಲೇನೇ?"

ನನ್ನ ತಿಳುವಳಿಕೆಯಲ್ಲಿ ಅಮ್ಮ ಬಡಿಸುವುದಕ್ಕೆ ಯಾರನ್ನೂ ಕೇಳಿದವಳಲ್ಲ. ಹೂಂ ಅಂತ ತಲೆಯಾಡಿಸಿದೆ.

ಅರ್ಧ ತುತ್ತು ಕೊಟ್ಟಳು. ಕಾದಳು. ಅವನ ಎದೆ ಏರಿ ಇಳಿಯುವುದನ್ನೇ ನೋಡುತ್ತ ಕೂತಿದ್ದಾಳೆ, ಉಳಿದರ್ಧ ಇನ್ನೂ ಬೆರಳ ತುದಿಯಲ್ಲೇ —